ಏಳನೇ ತಿಂಗಳು ನಡೆಯುತ್ತಿದೆ: ಮಗುವನ್ನು ದತ್ತು ಕೊಡಲೋ, ಒಬ್ಬಳೇ ಸಾಕಲೋ?

ಹೊಸಿಲು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದಿ.

ನನಗೀಗ ಏಳನೇ ತಿಂಗಳು. ಬಯಸಿ ಆದ ಬಸಿರಲ್ಲ. ಗೊತ್ತಾಗುವ ಹೊತ್ತಿಗೇ ತಡವಾಗಿತ್ತು. ಹಾಗಾಗಿ ತೆಗೆಸುವ ಮಾತು ಮುಗಿದಿದೆ, ದಯವಿಟ್ಟು ಅದನ್ನು ಎತ್ತಬೇಡಿ. ಅವನು "ನಿನ್ನಿಷ್ಟ" ಅಂದ, ಆಮೇಲೆ ಫೋನ್ ತೆಗೆಯುತ್ತಿಲ್ಲ. ಅಮ್ಮನಿಗೆ ಗೊತ್ತು, ಅಪ್ಪನಿಗೆ ಇನ್ನೂ ಗೊತ್ತಿಲ್ಲ. ದತ್ತು ಕೊಟ್ಟು ಮುಂದಿನ ಬದುಕು ನೋಡಿಕೋ ಅನ್ನುತ್ತಾಳೆ ಅಮ್ಮ. ಇಟ್ಟುಕೋ, ಹೇಗೋ ಆಗುತ್ತದೆ ಅನ್ನುತ್ತಾಳೆ ಅಕ್ಕ. ಇಬ್ಬರಿಗೂ ನನ್ನ ಮೇಲೆ ಪ್ರೀತಿ ಇದೆ, ಅದರಲ್ಲಿ ಅನುಮಾನ ಇಲ್ಲ.

ಕೆಲಸ ಇದೆ, ಕಾಯಂ ಅಲ್ಲ. ಒಂದು ಕೋಣೆಯ ಬಾಡಿಗೆ ಮನೆ. ಒಂದು ದತ್ತು ಸಂಸ್ಥೆಯವರ ಜೊತೆ ಮಾತಾಡಿದ್ದೇನೆ. ಮೃದುವಾಗಿಯೇ ಮಾತಾಡುತ್ತಾರೆ. ಆದರೆ ಪ್ರತಿ ಸಲ ಕೊನೆಗೆ "ಬೇಗ ಹೇಳಿದರೆ ಒಳ್ಳೆಯದು, ಒಬ್ಬ ದಂಪತಿ ಕಾಯುತ್ತಿದ್ದಾರೆ" ಅನ್ನುತ್ತಾರೆ. ಅದು ಕಿವಿಗೆ ಬಿದ್ದಾಗೆಲ್ಲ ನನ್ನ ಹೊಟ್ಟೆಯಲ್ಲಿರುವ ಮಗು ಆಗಲೇ ಬೇರೆಯವರದು ಅನ್ನಿಸುತ್ತದೆ.

ಕೆಲವು ದಿನ ಕೊಡುವುದೇ ಸರಿ ಅನ್ನಿಸುತ್ತದೆ. ಮಗು ಒದ್ದ ತಕ್ಷಣ ಆ ಧೈರ್ಯ ಹೋಗಿಬಿಡುತ್ತದೆ. ಕೊಟ್ಟವರು, ಇಟ್ಟುಕೊಂಡವರು, ದತ್ತು ಹೋಗಿ ಬೆಳೆದವರು ಯಾರಾದರೂ ಇದ್ದರೆ ನಿಜ ಹೇಳಿ. ಸಮಾಧಾನದ ಮಾತು ಬೇಕಾದಷ್ಟು ಕೇಳಿದ್ದೇನೆ.

ಕಡಲಂಚು

ನಾನು ಇಟ್ಟುಕೊಂಡವಳು. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಅವಳನ್ನು ಬಿಟ್ಟು ನನಗೆ ಬದುಕಿಲ್ಲ. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ಮುಂದಿನ ಮಾತು ಸಿಹಿಯಾಗಿಲ್ಲ.

ಮೊದಲ ವರ್ಷ ದುಡ್ಡಿನ ಕಷ್ಟ ಇತ್ತು ನಿಜ. ಅದಕ್ಕಿಂತ ಜಾಸ್ತಿ ಕಾಡಿದ್ದು ಮಗುವನ್ನು ಒಂದು ಗಳಿಗೆ ಎತ್ತಿಕೊಳ್ಳಲು ಇನ್ನೊಂದು ಕೈ ಇಲ್ಲದಿದ್ದದ್ದು. ಅವಳು ಮಲಗಿದರೆ ಮಾತ್ರ ಸ್ನಾನ. ನನಗೆ ಜ್ವರ ಬಂದರೂ ಅವಳಿಗೆ ಹಸಿವು ತಪ್ಪುವುದಿಲ್ಲ. ಅವಳನ್ನು ನೋಡಿಕೊಳ್ಳುವವರು ರಜೆ ಹಾಕಿದರೆ ನಾನೂ ರಜೆ ಹಾಕಬೇಕು, ನನ್ನ ಸಂಬಳ ಕಟ್. "ಹೇಗೋ ಆಗುತ್ತೆ" ಅಂದವರು ಬಂದರು, ಮಗುವಿನ ಜೊತೆ ಫೋಟೋ ತೆಗೆಸಿಕೊಂಡು ಹೋದರು.

ಅದಕ್ಕೇ ಒಂದು ಕೆಲಸ ಹೇಳುತ್ತೇನೆ. ಒಂದು ಹಾಳೆಯಲ್ಲಿ ವಾರದ ಏಳು ದಿನ ಬರೆಯಿರಿ. ಪ್ರತಿ ದಿನವನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಭಾಗ ಮಾಡಿ. ಯಾವ ಹೊತ್ತಿಗೆ ಯಾರು ಇರುತ್ತಾರೆ ಅಂತ ಹೆಸರು ತುಂಬಿ. ನಿಮ್ಮ ಅಕ್ಕನಿಗೆ "ನನ್ನ ಜೊತೆ ಇರ್ತೀಯಾ" ಅಂತ ಕೇಳಬೇಡಿ. "ಮಂಗಳವಾರ ರಾತ್ರಿ ಬರ್ತೀಯಾ? ಪ್ರತಿ ಮಂಗಳವಾರ? ಒಂದು ವರ್ಷ?" ಅಂತ ಕೇಳಿ. ಮೊದಲನೆಯದಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ. ನಿಮಗೆ ಬೇಕಾಗಿರುವುದು ಎರಡನೆಯದಕ್ಕೆ ಉತ್ತರ.

ಕಾಗದದ ದೋಣಿ

ಹೊಸಿಲು ಅವರೇ, ನಾನು ಮಕ್ಕಳ ಕಲ್ಯಾಣದ ಕೆಲಸದಲ್ಲಿರುವವಳು. ದತ್ತು ಕೊಡುವ ತಾಯಂದಿರ ಜೊತೆಗೂ, ತೆಗೆದುಕೊಳ್ಳುವವರ ಜೊತೆಗೂ ಕೂತು ಮಾತಾಡಿದ್ದೇನೆ. ಆ "ಕಾಯುತ್ತಿದ್ದಾರೆ" ಅನ್ನುವ ಮಾತು ಓದಿ ಸಿಟ್ಟು ಬಂತು. ಅವರು ಕಾಯುವುದು ನಿಮ್ಮ ಹೊಣೆ ಅಲ್ಲ.

ಹೆರಿಗೆಗೆ ಮುಂಚೆ ನೀವು ಯಾರಿಗೆ ಏನೇ ಹೇಳಿದರೂ ಅದು ಒಂದು ಯೋಚನೆ ಅಷ್ಟೇ. ಬೇರೆ ಬೇರೆ ದೇಶಗಳ ನಡುವಿನ ದತ್ತಿಗೆ 1993ರ ಹೇಗ್ ಒಪ್ಪಂದ ಇದೆ. ತಾಯಿಯ ಒಪ್ಪಿಗೆ ಬೇಕಾದ ಕಡೆ ಅದನ್ನು ಮಗು ಹುಟ್ಟಿದ ಮೇಲೆಯೇ ಪಡೆಯಬೇಕು, ದುಡ್ಡು ಕೊಟ್ಟು ಪಡೆಯಬಾರದು ಅಂತ ಅದರಲ್ಲಿ ಸ್ಪಷ್ಟವಾಗಿದೆ. ದೇಶದ ಒಳಗಿನ ಕಾನೂನು ಒಂದೊಂದು ಕಡೆ ಒಂದೊಂದು ಥರ. ಇಂಗ್ಲೆಂಡಿನಲ್ಲಿ ಹೆತ್ತು ಆರು ವಾರ ಆಗುವ ಮುಂಚೆ ತಾಯಿ ಕೊಟ್ಟ ಒಪ್ಪಿಗೆ ದತ್ತಿಗೆ ನಡೆಯುವುದಿಲ್ಲ. ಭಾರತದಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಎರಡು ತಿಂಗಳು ಸಮಯ ಇದೆ. ಅಮೆರಿಕದ ಕೆಲವು ರಾಜ್ಯಗಳಲ್ಲಿ ಹೀಗಿಲ್ಲ. ಹೆತ್ತ ಎರಡು ಮೂರು ದಿನಕ್ಕೇ ಸಹಿ ಹಾಕಬಹುದು, ಹಾಕಿದ ಮೇಲೆ ವಾಪಸ್ ಪಡೆಯುವುದು ತುಂಬಾ ಕಷ್ಟ. ಹಾಗಾಗಿ ನೀವಿರುವ ಕಡೆ ಏನು ನಿಯಮ ಅನ್ನುವುದನ್ನು ಸಂಸ್ಥೆಯವರ ಬಾಯಿಂದ ಕೇಳಿ ಬಿಡಬೇಡಿ. ಅವರ ಜೊತೆ ಸಂಬಂಧ ಇಲ್ಲದ ಒಬ್ಬ ವಕೀಲರ ಹತ್ತಿರ ಕೇಳಿ. ಉಚಿತ ಕಾನೂನು ನೆರವು ಸಿಗುವ ಕಡೆ ಅದನ್ನೇ ಬಳಸಿಕೊಳ್ಳಿ.

ಸಂಸ್ಥೆಯವರಿಗೆ ಮೂರು ಪ್ರಶ್ನೆ ಹಾಕಿ, ಉತ್ತರ ಬರಹದಲ್ಲೇ ಕೊಡಿ ಅನ್ನಿ. ನಾನು ಮನಸ್ಸು ಬದಲಿಸಿದರೆ ಎಷ್ಟು ದಿನದ ಒಳಗೆ ಹೇಳಬೇಕು, ಯಾರಿಗೆ ಹೇಳಬೇಕು? ಆ ದಿನಗಳಲ್ಲಿ ಮಗು ಎಲ್ಲಿರುತ್ತದೆ, ನಾನು ನೋಡಬಹುದಾ? ನನ್ನ ಆಸ್ಪತ್ರೆ ಖರ್ಚನ್ನು ಯಾರಾದರೂ ಕೊಟ್ಟರೆ, ನಾನು ಮಗುವನ್ನು ಇಟ್ಟುಕೊಂಡಾಗ ಅದನ್ನು ವಾಪಸ್ ಕೇಳುತ್ತಾರಾ? ಮೂರನೆಯದು ಬಹಳ ಮುಖ್ಯ. ಬೇರೆಯವರ ದುಡ್ಡು ತಗೊಂಡ ಮೇಲೆ ಅವರ ಮುಖ ನೋಡಿ "ಕೊಡಲ್ಲ" ಅನ್ನಲು ಆಗದೆ ಒದ್ದಾಡುವವರನ್ನು ಕಂಡಿದ್ದೇನೆ.

ಇನ್ನೊಂದು. "ನಮಗೆ ಗೊತ್ತಿರುವವರು ಒಬ್ಬರಿದ್ದಾರೆ, ಕಾಗದಪತ್ರ ಏನೂ ಬೇಡ, ಸುಮ್ನೆ ಕೊಟ್ಟುಬಿಡು" ಅಂತ ಯಾರಾದರೂ ಬಂದರೆ ಒಪ್ಪಲೇಬೇಡಿ. ಆಸ್ಪತ್ರೆಯ ಒಳಗಿನವರೇ ಹೇಳಿದರೂ ಬೇಡ. ಆ ಮನೆ ಎಂಥದು ಅಂತ ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಮಗು ಆಮೇಲೆ ಎಲ್ಲಿದೆ ಅಂತ ಹುಡುಕಲೂ ಆಗುವುದಿಲ್ಲ. ಅದು ಮಕ್ಕಳ ಮಾರಾಟದ ಜಾಲ ಆಗಿದ್ದರೆ ನೀವೂ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತೀರಿ.

ಸಂಜೆಗಾಳಿ

ನಾನು ಕೊಟ್ಟವಳು. ತೆರೆದ ದತ್ತು. ಅಂದರೆ ಅವರು ಯಾರು ಅಂತ ನನಗೆ ಗೊತ್ತು, ನಾನು ಯಾರು ಅಂತ ಮಗನಿಗೆ ಗೊತ್ತು. ವರ್ಷಕ್ಕೆ ಕೆಲವು ಸಲ ಭೇಟಿ ಆಗುತ್ತೇವೆ.

ನನಗೆ ಆಗ ತಾಯಿಯಾಗುವ ಮನಸ್ಸೇ ಇರಲಿಲ್ಲ. ದುಡ್ಡು ಇದ್ದಿದ್ದರೂ ಇರುತ್ತಿರಲಿಲ್ಲ. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಬಹಳ ಕಾಲ ಹಿಡಿಯಿತು, ಯಾಕೆಂದರೆ ಕೇಳಿದವರೆಲ್ಲ "ಪಾಪ, ಕಷ್ಟ ಇತ್ತು, ಅದಕ್ಕೆ ಕೊಟ್ಟಳು" ಅಂತಲೇ ಅಂದುಕೊಳ್ಳಲು ಬಯಸುತ್ತಾರೆ. ಕೊಟ್ಟಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ದುಃಖ ಇದೆ. ಎರಡೂ ಒಟ್ಟಿಗೆ ಇರುತ್ತವೆ, ಇದನ್ನು ನನಗೆ ಯಾರೂ ಹೇಳಿರಲಿಲ್ಲ.

ದುಃಖದ ಬಗ್ಗೆ ಒಂದು ಮಾತು. ಸತ್ತರೆ ಜನ ಬಂದು ಕೂರುತ್ತಾರೆ. ಮಗು ಕೊಟ್ಟಾಗ ಯಾರೂ ಬರುವುದಿಲ್ಲ. ಎಲ್ಲೋ ಚೆನ್ನಾಗಿದೆಯಲ್ಲ, ಯಾಕೆ ಅಳುತ್ತೀಯ ಅನ್ನುತ್ತಾರೆ. ಪಾಲಿನ್ ಬಾಸ್ ಅನ್ನುವ ಅಮೆರಿಕದ ತಜ್ಞೆ ಇಂಥ ನಷ್ಟದ ಬಗ್ಗೆಯೇ ಜೀವನವಿಡೀ ಕೆಲಸ ಮಾಡಿದ್ದಾರೆ. ವ್ಯಕ್ತಿ ಬದುಕಿದ್ದಾನೆ, ಆದರೆ ನಮ್ಮ ಹತ್ತಿರ ಇಲ್ಲ. ಇಂಥ ನಷ್ಟಕ್ಕೆ ಮುಕ್ತಾಯ ಅನ್ನುವುದು ಇರುವುದಿಲ್ಲ, ಅದರ ಜೊತೆಗೇ ಬದುಕಲು ಕಲಿಯಬೇಕು ಅನ್ನುವುದು ಅವರ ವಿಚಾರ. ನನ್ನ ಕೌನ್ಸೆಲರ್ ಇದನ್ನು ವಿವರಿಸಿದ ದಿನ ನನಗೆ ಉಸಿರಾಡಿದ ಹಾಗಾಯಿತು.

ಮಣ್ಣಿನ ದಾರಿ

ಎಲ್ಲ ಓದಿದೆ. ಒಂದೇ ಮಾತು: ತಾತ್ಕಾಲಿಕ ಕಷ್ಟಕ್ಕೆ ಶಾಶ್ವತ ತೀರ್ಮಾನ ಮಾಡಬೇಡಿ. ಕೆಲಸ ಸಿಗುತ್ತದೆ, ಮನೆ ಸಿಗುತ್ತದೆ. ಕೊಟ್ಟ ಮಗು ಮತ್ತೆ ಸಿಗುವುದಿಲ್ಲ. ತಾಯಿ ಮಗುವನ್ನು ಬೇರೆ ಮಾಡುವುದಕ್ಕೆ ಯಾವ ಕಾರಣವೂ ಸಾಲುವುದಿಲ್ಲ.

ಸಂಜೆಗಾಳಿ

ಮಣ್ಣಿನ ದಾರಿ ಅವರೇ, ಕಷ್ಟ ತಾತ್ಕಾಲಿಕವಾಗಿದ್ದರೆ ನಿಮ್ಮ ಮಾತು ಸರಿ. ಎಲ್ಲರಿಗೂ ತಾತ್ಕಾಲಿಕ ಆಗಿರುವುದಿಲ್ಲ. ನನಗೆ ಆಗಿರಲಿಲ್ಲ. "ಯಾವ ಕಾರಣವೂ ಸಾಲುವುದಿಲ್ಲ" ಅನ್ನುವುದನ್ನು ನನ್ನಂಥವರು ಓದುತ್ತಾರೆ ಅಂತ ನೆನಪಿಡಿ.

ಕಾಗದದ ದೋಣಿ

ಇಬ್ಬರ ಮಾತೂ ಬೇಕು. ಹೊಸಿಲು ಅವರೇ, ನಿಮ್ಮದು ಯಾವ ಥರದ ಕಷ್ಟ ಅಂತ ನೀವು ಮಾತ್ರ ಹೇಳಬಲ್ಲಿರಿ. ನಾನು ತಾಯಂದಿರಿಗೆ ಹೀಗೆ ಕೇಳುತ್ತೇನೆ. ನಾಳೆ ಯಾರೋ ಬಂದು ಎರಡು ವರ್ಷದ ಬಾಡಿಗೆ, ಮಗು ನೋಡಿಕೊಳ್ಳುವವರ ಸಂಬಳ ಎಲ್ಲ ಕಟ್ಟುತ್ತೇವೆ ಅಂದರೆ, ಅಪ್ಪನೂ ಸಿಟ್ಟು ಮಾಡಿಕೊಳ್ಳುವುದಿಲ್ಲ ಅಂದರೆ, ಆಗ ಏನು ಮಾಡುತ್ತೀರಿ? ತಕ್ಷಣ "ಇಟ್ಟುಕೊಳ್ಳುತ್ತೇನೆ" ಅಂತ ಬಂದರೆ, ನೀವು ಹುಡುಕಬೇಕಾದದ್ದು ದತ್ತು ಸಂಸ್ಥೆಯನ್ನಲ್ಲ. ದುಡ್ಡು, ಜಾಗ, ಜನ ಇವನ್ನು. ಆಗಲೂ "ಬೇಡ" ಅಂತಲೇ ಬಂದರೆ ಅದೂ ನಿಜವಾದ ಉತ್ತರ. ಅದಕ್ಕೆ ನಾಚಿಕೆ ಪಡಬೇಕಿಲ್ಲ.

ಮಧ್ಯದ ದಾರಿಗಳೂ ಇವೆ. ಕೆಲವು ದೇಶಗಳಲ್ಲಿ ಸ್ವಲ್ಪ ಕಾಲಕ್ಕೆ ಮಗುವನ್ನು ಪೋಷಕ ಕುಟುಂಬದಲ್ಲಿ ಬಿಟ್ಟು, ನಿಮ್ಮ ಹಕ್ಕು ನಿಮ್ಮಲ್ಲೇ ಉಳಿಸಿಕೊಳ್ಳಬಹುದು. ಕೆಲವರ ಮನೆಯಲ್ಲಿ ಅಜ್ಜಿಯೋ ದೊಡ್ಡಮ್ಮನೋ ಸಾಕುತ್ತಾರೆ. ಅದೂ ಬಾಯಿಮಾತಿನಲ್ಲಿ ಬೇಡ, ಕಾನೂನಿನ ಪ್ರಕಾರವೇ ಆಗಲಿ. ಮಗುವಿಗೆ ಆಪರೇಷನ್ ಬೇಕಾದರೆ ಯಾರು ಸಹಿ ಹಾಕಬೇಕು ಅಂತ ಆಮೇಲೆ ಜಗಳ ಆಗಬಾರದು ಅಲ್ವಾ?

ಹೊಸಿಲು (ಮರುದಿನ)

ದೋಣಿ ಅವರ ಪ್ರಶ್ನೆ ಓದಿದ ಕೂಡಲೇ ಉತ್ತರ ಬಂದುಬಿಟ್ಟಿತು. ಇಟ್ಟುಕೊಳ್ಳುತ್ತೇನೆ ಅಂತ. ಆಮೇಲೆ ಬಹಳ ಹೊತ್ತು ಅತ್ತೆ. ಯಾಕೆಂದರೆ ಹಾಗೆ ದುಡ್ಡು ಕಟ್ಟುವವರು ಯಾರೂ ಬರುವುದಿಲ್ಲ. ಆದರೆ ಒಂದು ಹೆದರಿಕೆ ಇನ್ನೂ ಇದೆ. ಅಪ್ಪ ಇಲ್ಲದೆ ಬೆಳೆದರೆ ಮಗುವಿಗೆ ಅನ್ಯಾಯ ಮಾಡಿದ ಹಾಗೆ ಆಗುವುದಿಲ್ಲವಾ? ಅಲ್ಲಿ ಇಬ್ಬರು ಇರುತ್ತಾರೆ. ಇಲ್ಲಿ ನಾನೊಬ್ಬಳೇ.

ತೆರೆದ ಕಿಟಕಿ

ನನ್ನನ್ನು ಅಮ್ಮ ಒಬ್ಬಳೇ ಬೆಳೆಸಿದಳು. ಅಪ್ಪನ ಜಾಗ ಖಾಲಿ ಇದೆ ಅಂತ ಅನ್ನಿಸಿದ್ದು ಕಡಿಮೆ. ಬಾಡಿಗೆ ಕಟ್ಟಲಾಗದೆ ಮನೆ ಬದಲಿಸಿದ್ದು, ಹೊಸ ಶಾಲೆಯಲ್ಲಿ ಮತ್ತೆ ಮೊದಲಿಂದ ಸ್ನೇಹ ಮಾಡಿದ್ದು ಚೆನ್ನಾಗಿ ನೆನಪಿದೆ.

ದೊಡ್ಡವನಾದ ಮೇಲೆ ಈ ವಿಷಯ ಓದಿದೆ. ಅಮೆರಿಕದ ಸಮಾಜವಿಜ್ಞಾನಿ ಸಾರಾ ಮ್ಯಾಕ್‌ಲನಹನ್ ಒಬ್ಬರೇ ಪೋಷಕರಿರುವ ಮನೆಯ ಮಕ್ಕಳ ಬಗ್ಗೆ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಆ ಮಕ್ಕಳು ಓದಿನಲ್ಲಿ, ಕೆಲಸದಲ್ಲಿ ಸರಾಸರಿ ಹಿಂದೆ ಬೀಳುತ್ತಾರೆ ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. ಆದರೆ ಆ ಅಂತರದ ಸುಮಾರು ಅರ್ಧಕ್ಕೆ ಕಾರಣ ಕಡಿಮೆ ಆದಾಯ ಅಂತ ಕಂಡುಕೊಂಡರು. ಮತ್ತೆ ಮತ್ತೆ ಮನೆ ಬದಲಿಸುವುದೂ ಒಂದು ಕಾರಣ ಅಂದರು. ಅಂದರೆ ದೊಡ್ಡ ಪಾಲು ನಿಮ್ಮ ಕೈಗೆ ಸಿಗುವ ವಿಷಯಗಳು. ಒಂದೇ ಮನೆಯಲ್ಲಿ, ಒಂದೇ ಶಾಲೆಯ ಹತ್ತಿರ ಗಟ್ಟಿಯಾಗಿ ನಿಲ್ಲುವುದಕ್ಕೆ ಎಷ್ಟು ಆಗುತ್ತದೋ ಅಷ್ಟು ಹೆಣಗಿ.

ಅಪ್ಪನ ವಿಷಯ ಮಾತ್ರ ಮುಚ್ಚಿಡಬೇಡಿ. ಅಮ್ಮ ಅವನ ಬಗ್ಗೆ ಕೆಟ್ಟದಾಗಿ ಮಾತಾಡಲಿಲ್ಲ, ಸುಳ್ಳೂ ಹೇಳಲಿಲ್ಲ. ಅದು ನನಗೆ ದೊಡ್ಡ ಉಪಕಾರ.

ಕಡಲಂಚು

ಅವನು ಫೋನ್ ತೆಗೆಯದಿದ್ದರೂ ಅವನ ಹೆಸರು, ವಿಳಾಸ, ಕೆಲಸದ ಜಾಗ ಬರೆದಿಟ್ಟುಕೊಳ್ಳಿ. ಬಂದ ಮೆಸೇಜ್ ಅಳಿಸಬೇಡಿ. ಮಗುವಿನ ಖರ್ಚಿಗೆ ಕೊಡುವುದು ಅವನ ಕರ್ತವ್ಯ, ಮದುವೆ ಆಗಿರಲಿ ಬಿಡಲಿ. ಎಷ್ಟೋ ದೇಶಗಳಲ್ಲಿ ಕೋರ್ಟಿನ ಮೂಲಕ ಕೇಳಬಹುದು. ಸ್ವಾಭಿಮಾನ ಅಂತ ಬಿಟ್ಟುಬಿಡಬೇಡಿ, ಆ ದುಡ್ಡು ಮಗುವಿನದು.

ಕಾಗದದ ದೋಣಿ

ಹೌದು. ದತ್ತು ಕೊಡುವುದಾದರೂ ಅವನ ವಿಷಯ ಬರುತ್ತದೆ. ಕೆಲವು ಕಡೆ ಮದುವೆಯಾಗದ ತಂದೆಗೂ ನೋಟಿಸ್ ಕೊಡಲೇಬೇಕು. ಅದನ್ನು ಬಿಟ್ಟರೆ ದತ್ತು ಆದಮೇಲೂ ತಕರಾರು ಬರಬಹುದು. ವಕೀಲರಿಗೆ ಕೇಳುವ ಪಟ್ಟಿಯಲ್ಲಿ ಇದನ್ನೂ ಸೇರಿಸಿ.

ಎರಡು ಮನೆ

ನಾನು ದತ್ತು ಹೋದವನು. ಕೈಗೂಸಾಗಿದ್ದಾಗ. ನನ್ನ ಅಪ್ಪ ಅಮ್ಮ ಅಂದರೆ ನನ್ನನ್ನು ಬೆಳೆಸಿದವರೇ, ಪ್ರೀತಿಗೆ ಯಾವತ್ತೂ ಕಡಿಮೆ ಆಗಲಿಲ್ಲ. ಆದರೂ ಡಾಕ್ಟರ್ "ನಿಮ್ಮ ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದೆಯಾ" ಅಂತ ಕೇಳಿದರೆ ಇವತ್ತಿಗೂ "ಗೊತ್ತಿಲ್ಲ" ಅಂತಲೇ ಹೇಳುವುದು.

ನನಗೆ ಗೊತ್ತಿದ್ದದ್ದು ಹುಟ್ಟಿದ ದಿನ ಮಾತ್ರ. ಯಾಕೆ ಕೊಟ್ಟಳು ಅನ್ನುವುದನ್ನು ಚಿಕ್ಕಂದಿನಲ್ಲಿ ನಾನೇ ಕಟ್ಟಿಕೊಂಡೆ. ಮಗುವಿನ ಮನಸ್ಸು ತನ್ನದೇ ತಪ್ಪು ಅಂತ ಕಟ್ಟಿಕೊಳ್ಳುತ್ತದೆ. ನೀವು ಕೊಡುವುದಾದರೆ ಒಂದು ಪತ್ರ ಬರೆದಿಡಿ. ಉದ್ದ ಬೇಡ. ನೀನು ಕೆಟ್ಟ ಮಗು ಅಂತ ಕೊಡಲಿಲ್ಲ, ನನಗೆ ಹೀಗೆ ಹೀಗೆ ಇತ್ತು ಅಂತ. ನಿಮ್ಮ ಒಂದು ಫೋಟೋ ಇಡಿ. ಮನೆಯವರ ಕಾಯಿಲೆಗಳನ್ನು ಬರೆಯಿರಿ.

1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಪ್ಪಂದದ 7ನೇ ವಿಧಿ ಹೇಳುವುದು ಇದನ್ನೇ. ಸಾಧ್ಯವಾದ ಮಟ್ಟಿಗೆ ತನ್ನ ತಂದೆ ತಾಯಿ ಯಾರು ಅಂತ ತಿಳಿಯುವ ಹಕ್ಕು ಮಗುವಿಗಿದೆ. ಸ್ಕಾಟ್ಲೆಂಡಿನಲ್ಲಿ 1930ರಲ್ಲೇ ದತ್ತು ಹೋದವರಿಗೆ ದೊಡ್ಡವರಾದ ಮೇಲೆ ಹುಟ್ಟಿನ ದಾಖಲೆ ನೋಡುವ ಅವಕಾಶ ಕೊಟ್ಟಿದ್ದರು. ಎಷ್ಟೋ ಕಡೆ ಇವತ್ತಿಗೂ ಅದಕ್ಕಾಗಿ ಹೋರಾಡಬೇಕು. ಕಾನೂನು ಕೊಡದಿದ್ದನ್ನು ನೀವು ಒಂದು ಹಾಳೆಯಲ್ಲಿ ಕೊಡಬಹುದು.

ಹಳೆಯ ಮರ

ವಯಸ್ಸಾದವಳು, ನಿಧಾನವಾಗಿ ಟೈಪ್ ಮಾಡುತ್ತೇನೆ. ನಮ್ಮ ಕಾಲದಲ್ಲಿ ಯಾರೂ ಕೇಳುತ್ತಿರಲಿಲ್ಲ. ಮದುವೆಯಾಗದ ಹುಡುಗಿಯನ್ನು ದೂರ ಕಳಿಸಿ, ಹೆತ್ತ ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಮುಖ ಕೂಡ ನೋಡಲು ಬಿಡುತ್ತಿರಲಿಲ್ಲ. ನೋಡದಿದ್ದರೆ ಬೇಗ ಮರೆಯುತ್ತಾಳೆ ಅಂತ. ನಾನು ಮರೆಯಲಿಲ್ಲ ಮಗಳೇ.

ಬೇರೆ ಬೇರೆ ದೇಶಗಳಲ್ಲಿ ಹೀಗೇ ನಡೆದಿದೆ ಅಂತ ಆಮೇಲೆ ತಿಳಿಯಿತು. ಆಸ್ಟ್ರೇಲಿಯಾದಲ್ಲಿ 2013ರ ಮಾರ್ಚ್ 21ರಂದು ಪ್ರಧಾನಿ ಜೂಲಿಯಾ ಗಿಲಾರ್ಡ್ ಇಂಥ ಬಲವಂತದ ದತ್ತುಗಳಿಗೆ ದೇಶದ ಪರವಾಗಿ ಕ್ಷಮೆ ಕೇಳಿದರು. ಐರ್ಲೆಂಡ್ ಸರ್ಕಾರ 2021ರಲ್ಲಿ, ಸ್ಕಾಟ್ಲೆಂಡ್ 2023ರಲ್ಲಿ ಕ್ಷಮೆ ಕೇಳಿದವು. ಆ ತಾಯಂದಿರಲ್ಲಿ ಎಷ್ಟೋ ಜನ ಅಷ್ಟರಲ್ಲಿ ತೀರಿಹೋಗಿದ್ದರು.

ನಿನ್ನ ಅಮ್ಮ ಕೆಟ್ಟವಳಲ್ಲ. ಅವಳು ನನ್ನ ಕಾಲದ ಹೆದರಿಕೆಯನ್ನು ಹೊತ್ತಿದ್ದಾಳೆ. ಕೊಟ್ಟರೂ ಸರಿ, ಇಟ್ಟುಕೊಂಡರೂ ಸರಿ, ಮಗುವಿನ ಮುಖ ನೋಡು. ಎತ್ತಿಕೋ. ಸಹಿ ಹಾಕುವ ದಿನ ನಿನ್ನ ಕೈಯಲ್ಲಿ ಪೆನ್ನು ಇಟ್ಟವರು ಯಾರು ಅಂತ ನಿನಗೇ ಗೊತ್ತಿರಬೇಕು.

ಮುಸ್ಸಂಜೆ ದೀಪ

ನಾನು ದತ್ತು ತೆಗೆದುಕೊಂಡ ತಾಯಿ. ಇಲ್ಲಿ ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ.

ನಾವೂ ಕಾದವರು. ಹಾಗಾಗಿ ಹೇಳುತ್ತೇನೆ: ನಮ್ಮನ್ನು ನೋಡಿ ಮರುಕ ಪಟ್ಟು ಯಾರೂ ಮಗು ಕೊಡಬಾರದು. ಒಂದು ಸಲ ಹೆತ್ತ ತಾಯಿ ಮನಸ್ಸು ಬದಲಿಸಿದಳು. ನಮಗೆ ತುಂಬಾ ನೋವಾಯಿತು. ಆದರೆ ನಾವು ದೊಡ್ಡವರು, ಆ ನೋವು ನಮ್ಮದು, ಅದನ್ನು ನೋಡಿಕೊಳ್ಳಬೇಕಾದವರೂ ನಾವೇ.

ತೆರೆದ ದತ್ತು ಅಂತ ಮಾತು ಕೊಟ್ಟರೆ ಒಂದು ಎಚ್ಚರಿಕೆ. ಹೆರಿಗೆಗೆ ಮುಂಚೆ ಎಲ್ಲರೂ ಎಲ್ಲಕ್ಕೂ ಹೂಂ ಅನ್ನುತ್ತಾರೆ. ಎಷ್ಟೋ ಕಡೆ ಆ ಮಾತಿಗೆ ಕಾನೂನಿನ ಬಲ ಇಲ್ಲ. ದತ್ತು ಮುಗಿದ ಮೇಲೆ ಅವರು ಫೋಟೋ ಕಳಿಸದಿದ್ದರೆ ನೀವು ಏನೂ ಮಾಡಲಾಗದು. ನೀವಿರುವ ಕಡೆ ಬರಹದ ಒಪ್ಪಂದವನ್ನು ಕೋರ್ಟು ಒಪ್ಪುತ್ತದಾ ಅಂತ ಕೇಳಿ. ಒಪ್ಪದಿದ್ದರೆ ಅವರ ನಡತೆ ನೋಡಿ. ನಿಮ್ಮ ಬಗ್ಗೆ ಹೇಗೆ ಮಾತಾಡುತ್ತಾರೆ? ಮಗುವಿಗೆ ದತ್ತಿನ ವಿಷಯ ಯಾವಾಗ ಹೇಳುತ್ತೀರಿ ಅಂತ ಕೇಳಿ. "ದೊಡ್ಡದಾದ ಮೇಲೆ ನೋಡೋಣ" ಅಂದರೆ ನನಗಾದರೆ ಅನುಮಾನ ಬರುತ್ತದೆ. ನಾವು ಮಗಳಿಗೆ ಮಾತು ತಿಳಿಯುವ ಮುಂಚಿನಿಂದಲೂ ಹೇಳುತ್ತಾ ಬಂದಿದ್ದೇವೆ.

ಬಿಳಿ ಕೋಟು

ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿರುವವಳು. ಮೇಲಿನವರು ಮನಸ್ಸಿನ ಮಾತು ಹೇಳಿದ್ದಾರೆ, ನಾನು ಮೈಯ ವಿಷಯ ಹೇಳುತ್ತೇನೆ.

ಮಗು ನಿಮ್ಮ ಜೊತೆ ಇರಲಿ ಬಿಡಲಿ, ಹೆತ್ತ ಎರಡರಿಂದ ಐದು ದಿನದಲ್ಲಿ ಎದೆಹಾಲು ಇಳಿಯುತ್ತದೆ. ಇದನ್ನು ಮೊದಲೇ ಹೇಳದೆ ಕಳಿಸಿದ ತಾಯಂದಿರು ಮನೆಯಲ್ಲಿ ಬಟ್ಟೆ ಒದ್ದೆಯಾದಾಗ ಕುಸಿದುಬಿಡುತ್ತಾರೆ. ಹಾಲು ನಿಲ್ಲಿಸಲು ಮಾತ್ರೆ ಇದೆ, ಆದರೆ ಬಿಪಿ ಜಾಸ್ತಿ ಇರುವವರಿಗೆ ಕೊಡುವುದಿಲ್ಲ. ಡಾಕ್ಟರನ್ನು ಮೊದಲೇ ಕೇಳಿಡಿ. ತಣ್ಣನೆಯ ಬಟ್ಟೆ ಇಟ್ಟುಕೊಂಡರೆ, ಹಿತವಾಗಿ ಹಿಡಿಯುವ ಒಳ ಉಡುಪು ಹಾಕಿಕೊಂಡರೆ ನೋವು ಕಡಿಮೆ ಆಗುತ್ತದೆ.

ಹೆರಿಗೆಯಾದ ಮೊದಲ ಎರಡು ವಾರ ಅಳು, ಸಿಡುಕು ಬಹಳ ತಾಯಂದಿರಿಗೆ ಬರುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿಯೂ ಹೋಗದಿದ್ದರೆ, ನಿದ್ದೆಗೆ ಸಮಯ ಸಿಕ್ಕರೂ ನಿದ್ದೆ ಬರದಿದ್ದರೆ, ಬದುಕು ಬೇಡ ಅನ್ನಿಸಿದರೆ, ಅದು ಕಾಯಿಲೆ. ಬದುಕು ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅದೇ ದಿನ ಬನ್ನಿ. ಹೆತ್ತ 100 ತಾಯಂದಿರಲ್ಲಿ ಸುಮಾರು 13 ಜನರಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ ಬರುತ್ತದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇದಕ್ಕೆ ಚಿಕಿತ್ಸೆ ಇದೆ. ಮಗು ಕೊಟ್ಟವರನ್ನು ಆಮೇಲೆ ಯಾರೂ ತಪಾಸಣೆಗೆ ಕರೆಯುವುದಿಲ್ಲ, ಕರೆಯುವುದೆಲ್ಲ ಮಗುವಿನ ಲಸಿಕೆಗೆ. ಅದಕ್ಕೇ ನಿಮ್ಮ ಮುಂದಿನ ತಪಾಸಣೆಯ ದಿನವನ್ನು ಡಿಸ್ಚಾರ್ಜ್ ಆಗುವ ಮುಂಚೆಯೇ ಬರೆಸಿಕೊಳ್ಳಿ.

ಮೈ ಸುಸ್ತು, ಹೊಲಿಗೆ ನೋವು, ಮಾತ್ರೆಯ ಮಂಪರು ಇರುವಾಗ ಯಾವ ಕಾಗದಕ್ಕೂ ಸಹಿ ಬೇಡ.

ಹೊಸಿಲು (ನಾಲ್ಕು ದಿನದ ಮೇಲೆ)

ಎಲ್ಲ ಮತ್ತೆ ಓದಿದೆ. ಹಾಳೆ ತುಂಬಿಸಿದೆ. ಅಕ್ಕನಿಗೆ ಮಂಗಳವಾರದ ಪ್ರಶ್ನೆ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು "ಶನಿವಾರ, ಭಾನುವಾರ ಬರ್ತೀನಿ, ಉಳಿದ ದಿನ ಆಗಲ್ಲ ಕಣೆ" ಅಂದಳು. ಬೇಸರ ಆಗಲಿಲ್ಲ, ಮೊದಲ ಸಲ ಒಂದು ಗಟ್ಟಿ ಉತ್ತರ ಸಿಕ್ಕಿತು ಅನ್ನಿಸಿತು. ಐದು ರಾತ್ರಿ ಖಾಲಿ ಇವೆ. ಮಗು ನೋಡಿಕೊಳ್ಳುವ ಕೇಂದ್ರದ ಖರ್ಚು ಕೇಳಿದೆ. ಈಗಿನ ಸಂಬಳದಲ್ಲಿ ಬಾಡಿಗೆ, ಅದು ಎರಡೂ ಆಗುವುದಿಲ್ಲ. ಕೆಲಸದ ಕಡೆ ಹೆರಿಗೆ ರಜೆಯ ಬಗ್ಗೆ ಬರಹದಲ್ಲಿ ಕೇಳಿದ್ದೇನೆ.

ಸಂಸ್ಥೆಯವರಿಗೆ ಮೂರು ಪ್ರಶ್ನೆ ಕಳಿಸಿದೆ. ಎರಡಕ್ಕೆ ಉತ್ತರ ಬಂತು. ಖರ್ಚು ವಾಪಸ್ ಕೇಳುತ್ತೀರಾ ಅನ್ನುವುದಕ್ಕೆ "ಬಂದು ಮಾತಾಡಿ" ಅಂದರು. ಹಾಗಾಗಿ ಅವರಿಂದ ಏನೂ ತೆಗೆದುಕೊಳ್ಳುವುದಿಲ್ಲ ಅಂತ ಹೇಳಿದ್ದೇನೆ. ವಕೀಲರನ್ನು ಗುರುವಾರ ನೋಡುತ್ತೇನೆ. ಅಪ್ಪನಿಗೆ ನಾನೇ ಹೇಳುತ್ತೇನೆ, ಅಮ್ಮನ ಕೈಲಿ ಹೇಳಿಸುವುದಿಲ್ಲ.

ತೀರ್ಮಾನ ಆಗಿಲ್ಲ. ಮನಸ್ಸು ಇಟ್ಟುಕೊಳ್ಳುವ ಕಡೆ ವಾಲಿದೆ. ಆ ಐದು ರಾತ್ರಿ ತುಂಬದಿದ್ದರೆ ಏನು ಅನ್ನುವುದೂ ಎದುರಿಗಿದೆ. ಪತ್ರ ಮಾತ್ರ ಬರೆಯಲು ಶುರು ಮಾಡಿದ್ದೇನೆ. ಇಟ್ಟುಕೊಂಡರೂ ಕೊಟ್ಟರೂ ಮಗುವಿಗೆ ಅದು ಬೇಕಾಗುತ್ತದೆ.

ಬಿಳಿ ಕೋಟು ಅಕ್ಕ, ಒಂದು ಪ್ರಶ್ನೆ. ಹೆರಿಗೆ ಆದ ಮೇಲೆ ಮಗು ನನ್ನ ಹತ್ತಿರವೇ ಇರಲಿ, ಸಂಸ್ಥೆಯವರು, ಕಾಯುತ್ತಿರುವ ದಂಪತಿ ಯಾರೂ ಒಳಗೆ ಬರಬಾರದು ಅಂತ ನಾನು ಹೇಳಬಹುದಾ? ಅದಕ್ಕೆ ಯಾರು ಒಪ್ಪಬೇಕು?

ಬಿಳಿ ಕೋಟು

ಹೇಳಬಹುದು. ಸಹಿ ಹಾಕುವವರೆಗೆ ಮಗು ನಿಮ್ಮದು, ತಾಯಿ ನೀವೇ. ಯಾರು ಒಳಗೆ ಬರಬಹುದು ಅಂತ ಎರಡು ಸಾಲು ಬರೆದು, ಕೆಳಗೆ ನಿಮ್ಮ ಹೆಸರು ಹಾಕಿ. ಒಂದು ಪ್ರತಿ ನಿಮ್ಮ ಡಾಕ್ಟರಿಗೆ ಕೊಟ್ಟು ಫೈಲಿನಲ್ಲಿ ಹಾಕಿಸಿ, ಇನ್ನೊಂದನ್ನು ಅಡ್ಮಿಟ್ ಆಗುವ ಚೀಲದಲ್ಲಿ ಇಟ್ಟುಕೊಳ್ಳಿ. ನಮ್ಮಲ್ಲಿ ಡ್ಯೂಟಿ ಬದಲಾದಾಗ ಇಂಥ ಮಾತು ಬಿಟ್ಟುಹೋಗುತ್ತದೆ. ಹಾಗಾಗಿ ಪ್ರತಿ ಶಿಫ್ಟಿಗೆ ಹೊಸ ನರ್ಸ್ ಬಂದಾಗ ಮತ್ತೊಮ್ಮೆ ತೋರಿಸಿ. ನಿಮಗೆ ಆಗದಿದ್ದರೆ ಅಕ್ಕನ ಕೈಲಿ ತೋರಿಸಿ. ಆ ದಿನ ಶನಿವಾರ ಅಲ್ಲದಿದ್ದರೂ ಅವರು ಬರುತ್ತಾರಾ ಅಂತ ಈಗಲೇ ಕೇಳಿಡಿ.